ಗೋಲೆಮ್ ಇಳಿಸಿದ ಕೂಡಲೇ ಕೈ ಖಾಲಿ, ಏನು ಮಾಡಲಿ?

ಪ್ರಶ್ನೆ: ಕ್ಲ್ಯಾಷ್ ರಾಯಲ್ ಅನ್ನೋ ಮೊಬೈಲ್ ಆಟದಲ್ಲಿ ಗೋಲೆಮ್ (ಕಲ್ಲಿನ ದೈತ್ಯ) ಇರುವ ಡೆಕ್, ಅಂದರೆ ಕಾರ್ಡ್‌ಗಳ ಗುಂಪು, ಆಡುತ್ತೇನೆ. ಕಾರ್ಡ್ ಇಳಿಸಲು ಖರ್ಚಾಗುವ ಎಲಿಕ್ಸಿರ್ ಗರಿಷ್ಠ 10 ತುಂಬುವವರೆಗೆ ಕಾದು ಮೈದಾನದ ನಡುವಿನ ಸೇತುವೆ ಹತ್ತಿರ ಗೋಲೆಮ್ ಇಳಿಸುತ್ತೇನೆ. ಅಷ್ಟರಲ್ಲಿ ಎದುರಾಳಿ ಇನ್ನೊಂದು ಬದಿಗೆ ವೇಗವಾಗಿ ಟವರ್‌ಗೆ ನುಗ್ಗುವ ಹಾಗ್ ರೈಡರ್ ಬಿಡುತ್ತಾನೆ. ನನ್ನ ಹತ್ತಿರ ಉಳಿದಿರೋದು 2. ಟವರ್ ಹೋಯ್ತು! ಡೆಕ್ ಬದಲಿಸಬೇಕಾ?

ಕೋಚ್: ಡೆಕ್ ಇರಲಿ, ಜಾಗ ಬದಲಿಸಿ. ಗೋಲೆಮ್‌ಗೆ 8 ಎಲಿಕ್ಸಿರ್ ಬೇಕು, ನಡಿಗೆ ಬಹಳ ನಿಧಾನ. ಈ ನಿಧಾನವೇ ನಿಮ್ಮ ಲಾಭ. ನಿಮ್ಮ ಕಡೆ ತುದಿಯಲ್ಲಿರುವ ಕಿಂಗ್ ಟವರ್ ಹಿಂದೆ ಇಳಿಸಿ. ಮೊದಲ ಎರಡು ನಿಮಿಷ ಒಂದು ಎಲಿಕ್ಸಿರ್ ತುಂಬಲು 2.8 ಸೆಕೆಂಡ್. ಅದು ಸೇತುವೆ ಮುಟ್ಟುವಷ್ಟರಲ್ಲಿ ಐದಾರಾದರೂ ವಾಪಸ್ ಬಂದಿರುತ್ತದೆ. ಹಾಗ್ ಬಂದರೆ ತಡೆಯೋಕೆ ಅದು ಸಾಕು.

ಇನ್ನೊಂದು ಮಾತು. 10 ತುಂಬಿದ ಮೇಲೂ ಯೋಚಿಸುತ್ತಾ ಕೂರಬೇಡಿ. ಮೋಟಾರ್ ಆಫ್ ಮಾಡೋದು ಮರೆತ ಮನೆ ತರಹ, ಟ್ಯಾಂಕ್ ತುಂಬಿ ತಾರಸಿಯಿಂದ ಸುರಿಯುತ್ತಿರುತ್ತದೆ. ಆರು ಸೆಕೆಂಡ್ ಸುಮ್ನೆ ಕೂತರೆ ಎರಡು ಎಲಿಕ್ಸಿರ್ ಹೋಯ್ತು, ಅಂದರೆ ಒಂದು ಲಾಗ್ (ಉರುಳುವ ದಿಮ್ಮಿ) ಕಾರ್ಡ್‌ನ ಖರ್ಚು.

ಪ್ರಶ್ನೆ: ಎದುರಾಳಿಯ ಎಲಿಕ್ಸಿರ್ ಎಣಿಸಿ ಅಂತಾರೆ. ಆಡುತ್ತಾ ಅದೆಲ್ಲ ಆಗುತ್ತಾ?

ಕೋಚ್: ಎರಡೂ ಕಡೆ ಲೆಕ್ಕ ಇಡೋಕೆ ಹೋದರೆ ತಲೆ ಕೆಡುತ್ತದೆ. ಇಬ್ಬರಿಗೂ ಶುರುವಲ್ಲಿ ಸಿಗೋದು ಒಂದೇ, ತುಂಬುವ ವೇಗವೂ ಒಂದೇ. ಹಾಗಾಗಿ ವ್ಯತ್ಯಾಸ ಮಾತ್ರ ನೆನಪಿಟ್ಟುಕೊಳ್ಳಿ. ಅವನು ಮಿನಿಯನ್ ಹೋರ್ಡ್ ಬಿಟ್ಟ, ಖರ್ಚು 5. ನೀವು ಆರೋಸ್ ಹಾಕಿದಿರಿ, 3. ನೀವು ಎರಡು ಮುಂದೆ. ಆಮೇಲೆ ನೀವು ಸ್ಕೆಲಿಟನ್ ಆರ್ಮಿ ಬಿಟ್ಟಿರಿ, 3. ಅವನು ಲಾಗ್ ಉರುಳಿಸಿದ, 2. ಈಗ ಒಂದೇ ಮುಂದೆ. ಯಾರಾದರೂ ತುಂಬಿ ಚೆಲ್ಲಿದರೆ ಅದನ್ನೂ ಕಳೆಯಿರಿ.

ಆದರೆ ಲೆಕ್ಕದ ಹುಚ್ಚು ಜಾಸ್ತಿ ಆದವರನ್ನೂ ನೋಡಿದ್ದೇನೆ. 7ರ ಪೆಕ್ಕಾಕ್ಕೆ 3ರ ಸ್ಕೆಲಿಟನ್ ಆರ್ಮಿ ಹಾಕಿ ‘ನಾಲ್ಕು ಉಳಿಸಿದೆ’ ಅಂತ ಖುಷಿಪಡುತ್ತಾರೆ. ಅವನ ಕೈಯಲ್ಲಿ 2ರ ಲಾಗ್ ಇದ್ದರೆ? ಸ್ಕೆಲಿಟನ್‌ಗಳೆಲ್ಲ ಒಂದೇ ಏಟಿಗೆ ಖಲಾಸ್. ಲೆಕ್ಕದಲ್ಲಿ ನೀವು ಆರು ಮುಂದೆ, ಪೆಕ್ಕಾ ಮಾತ್ರ ಆರಾಮಾಗಿ ಟವರ್ ಕಡೆ ನಡೆಯುತ್ತಿರುತ್ತದೆ.

ಪ್ರಶ್ನೆ (ಇನ್ನೊಬ್ಬರು): ಎದುರಾಳಿ ಎಲಿಕ್ಸಿರ್ ಕಲೆಕ್ಟರ್ (ನಿಧಾನಕ್ಕೆ ಎಲಿಕ್ಸಿರ್ ಕೊಡುವ ಕಟ್ಟಡ) ಇಟ್ಟರೆ?

ಕೋಚ್: ಆ ಕ್ಷಣಕ್ಕೆ ಅವನು 6 ಖರ್ಚು ಮಾಡಿದ್ದಾನೆ, ಅದಿನ್ನೂ ವಾಪಸ್ ಬಂದಿಲ್ಲ. ಬಿಡಬೇಡಿ, ತಕ್ಷಣ ಹೊಡೆಯಿರಿ. ಗೋಲೆಮ್ ಅಲ್ಲ ಮತ್ತೆ, ವೇಗದ ಕಾರ್ಡ್ ಇರಬೇಕು.

ಮೊದಲು ಕೇಳಿದವರು: ನಿನ್ನೆ ಹಿಂದಿನಿಂದ ಇಳಿಸಿ ನೋಡಿದೆ. ಐದರಲ್ಲಿ ಮೂರು ಗೆದ್ದೆ. ಸೋತ ಎರಡರಲ್ಲೂ ಆಟ ಶುರುವಾದ ಕೂಡಲೇ ಗೋಲೆಮ್ ಇಳಿಸಿದ್ದೆ.

ಕೋಚ್: ಅಲ್ಲೇ ಇದೆ ನೋಡಿ ಎಡವಟ್ಟು. ಎದುರಾಳಿ ಕೈಯಲ್ಲಿ ಏನಿದೆ ಅಂತ ನೋಡುವ ಮೊದಲೇ 8 ಸುರಿದಿದ್ದೀರಿ. ಮೊದಲ ಎರಡು ನಿಮಿಷ ಹೆಚ್ಚಾಗಿ ತಡೆಯುತ್ತಾ ಇರಿ, ಟವರ್‌ಗೆ ಒಂದೆರಡು ಏಟು ಬಿದ್ದರೂ ಪರವಾಗಿಲ್ಲ. ಕೊನೆಯ ನಿಮಿಷದಲ್ಲಿ ಎಲಿಕ್ಸಿರ್ ಎರಡು ಪಟ್ಟು ವೇಗವಾಗಿ ತುಂಬುತ್ತದೆ, ಗೋಲೆಮ್‌ನ ಆಟ ಆಗ. ಸೋತ ಎರಡರ ರೀಪ್ಲೇ ಇಲ್ಲೇ ಹಾಕಿ, ನೋಡೋಣ.