ಟ್ರಿಮ್ ಅಂದರೆ ಕತ್ತರಿಸೋದಾ, ತೊಡಿಸೋದಾ?

ಎಲ್ಲರಿಗೂ ನಮಸ್ಕಾರ.

ಅಪ್ಪನ ಹಳೆಯ ಪ್ರೀಮಿಯರ್ ಪದ್ಮಿನಿ ಕಾರನ್ನು ಮತ್ತೆ ರಸ್ತೆಗೆ ಇಳಿಸುವ ಕೆಲಸ ಆರು ತಿಂಗಳಿಂದ ನಡೆದಿದೆ. ಮಾಡಿದ್ದನ್ನೆಲ್ಲ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಎಂಜಿನ್, ಬ್ರೇಕ್ ಬಗ್ಗೆ ಬರೆಯುವಾಗ ಎಲ್ಲೂ ತಡವರಿಸಲಿಲ್ಲ. ಸಿಕ್ಕಿಹಾಕಿಕೊಂಡಿದ್ದು ಬಾಗಿಲ ಒಳಮೈಗೆ ಬಂದಾಗ. ಬಾಗಿಲ ಒಳಗಿನ ಹಲಗೆ, ಚಾವಣಿಯ ಬಟ್ಟೆ, ಅಂಚಿನ ಪಟ್ಟಿ ಎಲ್ಲವನ್ನೂ ಇಂಗ್ಲಿಷಿನವರು ಒಟ್ಟಾಗಿ ‘ಇಂಟೀರಿಯರ್ ಟ್ರಿಮ್’ ಅಂದುಬಿಡುತ್ತಾರೆ. ನಾವು ಏನನ್ನೋಣ?

ಬೆಂಗಳೂರಿನ ಜೆ.ಸಿ. ರಸ್ತೆ ಹತ್ತಿರ ಒಬ್ಬರು ಕುಷನ್ ಮೇಸ್ತ್ರಿ ಇದ್ದಾರೆ. ಜಾಣತನ ತೋರಿಸೋಣ ಅಂತ, ‘ನಾಲ್ಕು ಬಾಗಿಲಿಗೂ ಟ್ರಿಮ್ ಮಾಡ್ಬೇಕು’ ಅಂದೆ. ‘ಎಷ್ಟು ಕಟ್ ಮಾಡ್ಬೇಕು ಸಾರ್?’ ಅಂದರು. ಅವರದೇನೂ ತಪ್ಪಿಲ್ಲ. ನಮ್ಮಲ್ಲಿ ಟ್ರಿಮ್ ಮಾಡಿಸೋದು ಗಡ್ಡವನ್ನು, ಜಾಸ್ತಿ ಅಂದರೆ ಬೇಲಿ ಗಿಡವನ್ನು. ಹಳೆಯ ಇಂಗ್ಲಿಷಿನ ‘ಟ್ರಿಮ್ಮನ್’ಗೆ ಗಟ್ಟಿ ಮಾಡು, ಅಣಿ ಮಾಡು ಎಂಬ ಅರ್ಥ ಇತ್ತು. ಅಣಿ ಮಾಡುವಾಗ ಬೇಡದ್ದನ್ನು ಕತ್ತರಿಸುತ್ತೇವೆ, ಬೇಕಾದ್ದನ್ನು ತೊಡಿಸುತ್ತೇವೆ. ಆ ಎರಡರಲ್ಲಿ ನಮ್ಮ ಊರಿಗೆ ಬಂದಿದ್ದು ಕತ್ತರಿ ಮಾತ್ರ.

ಮೇಸ್ತ್ರಿಯ ಬಾಯಲ್ಲಿ ಬಾಗಿಲ ಹಲಗೆಗೆ ‘ಡೋರ್ ಪ್ಯಾಡ್’. ಅದು ಹಾರ್ಡ್‌ಬೋರ್ಡ್. ಗಾಜಿನ ಸಂದಿಯಿಂದ ಬಾಗಿಲೊಳಗೆ ಮಳೆನೀರು ಇಳಿಯುತ್ತೆ. ಪ್ಯಾಡಿನ ಹಿಂದಿರುವ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಬೋರ್ಡು ಆ ನೀರು ಕುಡಿದು ಹಪ್ಪಳದ ಹಾಗೆ ಏಳುತ್ತೆ. ನಮ್ಮದೂ ಹಾಗೇ ಆಗಿತ್ತು. ಹಳೆಯದನ್ನೇ ಅಳತೆಗೆ ಇಟ್ಟು ಹೊಸ ಬೋರ್ಡು ಕೊಯ್ದರು. ರೆಕ್ಸಿನ್ ಎಳೆದು, ಹಿಂದಕ್ಕೆ ಮಡಚಿ, ಸೊಲ್ಯೂಷನ್ ಹಾಕಿ ಅಂಟಿಸಿದರು. ರೆಕ್ಸಿನ್ ಕೂಡ ಮೊದಲು ಬ್ರಿಟನ್ನಿನ ಒಂದು ಕೃತಕ ಚರ್ಮದ ವ್ಯಾಪಾರದ ಹೆಸರು. ಅದು ಸೆಲ್ಯುಲೋಸ್ ನೈಟ್ರೇಟ್ ಲೇಪಿಸಿದ ಬಟ್ಟೆ. ಇವತ್ತು ನಾವು ಕೊಳ್ಳೋದು ಹೆಚ್ಚಾಗಿ ಪಿವಿಸಿ. ಆದರೂ ಹೆಸರು ಹೋಗಿಲ್ಲ, ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ.

ನನಗೆ ತುಂಬ ಹಿಡಿಸಿದ್ದು ಅವರ ಕ್ರಿಯಾಪದ. ನಾನು ‘ಜೋಡಿಸು’ ಅಂತ ಬರೆದುಕೊಂಡಿದ್ದೆ. ಅವರು ಒಂದು ಸಲವೂ ಹಾಗೆ ಹೇಳಲಿಲ್ಲ. ಪ್ಯಾಡ್ ‘ಕೂರಿಸು’, ಕ್ಲಿಪ್ ‘ಕೂತಿಲ್ಲ’, ಮೂಲೆ ‘ಕೂರ್ತಾ ಇಲ್ಲ’. ಕ್ಲಿಪ್ಪು ತೂತಿನೊಳಗೆ ಟಕ್ ಅಂತ ಇಳಿದು ಪ್ಯಾಡು ಅಲ್ಲಾಡದೆ ನಿಂತರೆ ಅದು ಕೂತಂತೆ. ಕಲ್ಲು ಕೂರುತ್ತೆ, ಉಂಗುರಕ್ಕೆ ಹರಳು ಕೂರಿಸುತ್ತೇವೆ. ‘ಜೋಡಿಸು’ ಅಂದರೆ ಆ ಬಿಗಿ ಬರಲ್ಲ. ಹಾಗಾಗಿ ಹೊಡೆದು ಹಾಕಿ ‘ಕೂರಿಸು’ ಅಂತ ತಿದ್ದಿದೆ.

ಬಿಡಿ ಭಾಗಗಳಿಗೆ ಅಂಗಡಿಯ ಮಾತೇ ಸಾಕು. ಡೋರ್ ಪ್ಯಾಡನ್ನು ‘ದ್ವಾರಫಲಕ’ ಮಾಡಿದರೆ ಗುಡಿ ಬಾಗಿಲಿಗೆ ಬೋರ್ಡು ಹಾಕಿದಂತೆ ಇರುತ್ತೆ. ನನಗೆ ಬೇಕಾಗಿರೋದು ಒಟ್ಟು ಹೆಸರು ಮಾತ್ರ. ‘ಒಳಾಲಂಕಾರ’ ಒಪ್ಪಲಿಲ್ಲ. ಪ್ಯಾಡ್ ತೆಗೆದರೆ ಬರೀ ತಗಡು, ಗಾಜು ಏರಿಳಿಸುವ ಹಲ್ಲುಗಳು ಕಾಣುತ್ತವೆ. ಅದನ್ನು ಮುಚ್ಚೋದು ಬರೀ ಚಂದಕ್ಕಲ್ಲ, ಕೈ ತಾಗದಿರಲಿ ಅಂತಲೂ ಹೌದು. ‘ಅಸ್ತರು’ ಚೆನ್ನಾಗಿದೆ, ಆದರೆ ಅದು ಕೋಟಿನ ಒಳಬಟ್ಟೆ. ಚಾವಣಿಗೆ ಸರಿ, ಹಲಗೆಗೆ ಹೇಗೆ?

ಉಳಿದದ್ದು ‘ಒಳಸಜ್ಜು’. ಸಜ್ಜು ಅಂದರೆ ಅಣಿಯಾಗಿರೋದು, ಜೊತೆಗೆ ಕುದುರೆಯ ಜೀನು, ಲಗಾಮು ಇತ್ಯಾದಿ. ಅಣಿ ಮಾಡೋದು, ತೊಡಿಸೋದು ಎರಡೂ ಒಂದೇ ಪದದಲ್ಲಿವೆ, ‘ಟ್ರಿಮ್’ನ ಹಾಗೇ. ಖುಷಿಯಿಂದ ಮೇಸ್ತ್ರಿಗೆ ಹೇಳಿದೆ. ‘ಸಜ್ಜಾ? ಅದು ಕಿಟಕಿ ಮೇಲೆ ಹಾಕೋದಲ್ವಾ ಸಾರ್?’ ಅಂದರು.

ಈಗ ನಿಮ್ಮನ್ನು ಕೇಳುತ್ತಿದ್ದೇನೆ. ‘ಒಳಸಜ್ಜು’ ಓದಿದರೆ ನಿಮಗೆ ಕಾರಿನ ಒಳಗು ನೆನಪಾಗುತ್ತಾ, ಮನೆ ಸಜ್ಜಾ ನೆನಪಾಗುತ್ತಾ? ಹುಬ್ಬಳ್ಳಿ, ಮಂಗಳೂರು, ಮೈಸೂರು ಕಡೆಯ ಕುಷನ್ ಅಂಗಡಿಗಳಲ್ಲಿ ಇದಕ್ಕೆ ಬೇರೆ ಮಾತು ಕೇಳಿದವರಿದ್ದರೆ ದಯವಿಟ್ಟು ತಿಳಿಸಿ. ಹಿಂದಿನ ಎರಡು ಬಾಗಿಲು ಇನ್ನೂ ಕೂತಿಲ್ಲ, ಹಾಗಾಗಿ ನನಗೂ ಅವಸರವಿಲ್ಲ.