ಪದಚರ್ಚೆ: ಮೊಸಾಯಿಕ್, ಫ್ರೆಸ್ಕೊ ಎರಡೂ ‘ಭಿತ್ತಿಚಿತ್ರ’ವೇ?

ಪ್ರಶ್ನೆ: ಇಸ್ತಾಂಬುಲ್ಲಿನ ಖೋರಾ ಚರ್ಚಿಗೆ (ಈಗ ಕಾರಿಯೆ ಮಸೀದಿ) ಹೋಗುವವರಿಗಾಗಿ ಸಿದ್ಧವಾಗುತ್ತಿರುವ ಕನ್ನಡ ಕೈಪಿಡಿಯಲ್ಲಿ ಮೊಸಾಯಿಕ್, ಫ್ರೆಸ್ಕೊ ಎರಡಕ್ಕೂ ‘ಭಿತ್ತಿಚಿತ್ರ’ ಎಂದೇ ಇದೆ. ಸರಿಯೇ? ಹೆಸರು ಚೋರಾ ಎಂದಿರಬೇಕೋ ಖೋರಾ ಎಂದೋ? ಅಲ್ಲಿನ ‘ಅನಾಸ್ತಾಸಿಸ್’ ಎಂಬ ಚಿತ್ರದ ಹೆಸರಿಗೆ ‘ಪುನರುತ್ಥಾನ’ ಸಾಕೇ?

ಉತ್ತರ: ಗೋಡೆಯ ಮೇಲಿನ ಚಿತ್ರವೆಲ್ಲ ಭಿತ್ತಿಚಿತ್ರವೇ, ಆದ್ದರಿಂದ ತಪ್ಪೆನ್ನಲಾಗದು. ಆದರೆ ಈ ಕಟ್ಟಡದಲ್ಲಿ ಆ ಒಂದೇ ಪದ ಓದುಗರ ದಾರಿ ತಪ್ಪಿಸುತ್ತದೆ. ಬೈಜಾಂಟೈನ್ (ಪೂರ್ವ ರೋಮನ್) ಸಾಮ್ರಾಜ್ಯದ ಮಂತ್ರಿ ಥಿಯೊಡೋರ್ ಮೆಟೊಖಿಟಿಸ್ ಸುಮಾರು 1315ರಿಂದ 1321ರ ನಡುವೆ ಮಾಡಿಸಿದ ಅಲಂಕಾರದಲ್ಲಿ ಎರಡಕ್ಕೂ ಬೇರೆ ಬೇರೆ ಜಾಗವಿದೆ. ಹೊರಗಿನ ಮತ್ತು ಒಳಗಿನ ಮುಖಮಂಟಪಗಳ ತುಂಬ ಮೊಸಾಯಿಕ್. ದಕ್ಷಿಣಕ್ಕೆ ಅಂಟಿಕೊಂಡ, ಸಮಾಧಿಗಳಿರುವ ಉದ್ದನೆಯ ಉಪಗುಡಿಯಲ್ಲಿ ಫ್ರೆಸ್ಕೊ. ನಡುವಣ ಪ್ರಾರ್ಥನಾಂಗಣದಲ್ಲಿ ಉಳಿದಿರುವ ಮೊಸಾಯಿಕ್ ಚಿತ್ರಗಳು ಮೂರೇ.

ಫ್ರೆಸ್ಕೊಗೆ ‘ಹಸಿಗಾರೆ ಚಿತ್ರ’ ಎನ್ನುವುದು ಒಳ್ಳೆಯದು, ಏಕೆಂದರೆ ಅದರ ಗುಟ್ಟು ಗಾರೆಯಲ್ಲಿದೆ. ಸುಣ್ಣದ ಗಾರೆ ಇನ್ನೂ ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುತ್ತಾರೆ. ಗಾರೆಯ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣಕಲ್ಲಾಗಿ ಗಟ್ಟಿಯಾಗುವಾಗ ಬಣ್ಣದ ಕಣಗಳನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಬೇರೆ ಅಂಟು ಬೇಡ. ಗಾರೆ ಒಣಗಿದ ಮೇಲೆ ಹಚ್ಚಿದ ಬಣ್ಣಕ್ಕೆ ಮೊಟ್ಟೆಯದೋ ಬೇರೆಯದೋ ಅಂಟು ಬೇಕೇ ಬೇಕು, ಅದು ಕಾಲಕ್ರಮದಲ್ಲಿ ಹೊಪ್ಪಳೆಯೆದ್ದು ಉದುರುತ್ತದೆ. ಆದ್ದರಿಂದಲೇ ಅಜಂತದ ಚಿತ್ರಗಳನ್ನು ಫ್ರೆಸ್ಕೊ ಎನ್ನುವ ರೂಢಿ ಸರಿಯಲ್ಲ. ಅವು ಒಣಗಾರೆಯ ಮೇಲಿನವು. ಅಲ್ಲಿಗೆ ‘ಭಿತ್ತಿಚಿತ್ರ’ವೇ ಸರಿಯಾದ ಪದ.

ಮೊಸಾಯಿಕ್ಕಿನ ತೊಡಕು ಬೇರೆ. ಕನ್ನಡಿಗರಿಗೆ ಮೊಸಾಯಿಕ್ ಎಂದರೆ ಮನೆಯ ನೆಲ: ಸಿಮೆಂಟಿನಲ್ಲಿ ಕಲ್ಲುಚೂರು ಕಲಸಿ, ಉಜ್ಜಿ, ನುಣುಪು ಮಾಡಿದ್ದು. ಖೋರಾದಲ್ಲಿ ಇರುವುದು ಅದಕ್ಕೆ ತದ್ವಿರುದ್ಧ. ಪುಟ್ಟ ಗಾಜಿನ ಹಾಗೂ ಕಲ್ಲಿನ ತುಣುಕುಗಳನ್ನು ಒಂದೊಂದಾಗಿ ಹಸಿ ಗಾರೆಗೆ ಒತ್ತಿದ್ದಾರೆ, ಮೇಲ್ಮೈಯನ್ನು ಉಜ್ಜಿಲ್ಲ. ಚಿನ್ನದ ತುಣುಕೆಂದರೆ ಎರಡು ಗಾಜಿನ ಪದರಗಳ ನಡುವೆ ಸಿಕ್ಕಿಸಿದ ಚಿನ್ನದ ರೇಕು. ಬೈಜಾಂಟೈನ್ ಕುಶಲಿಗಳು ಇವನ್ನು ಒಂದೇ ಮಟ್ಟಕ್ಕೆ ಕೂರಿಸದೆ ತುಸು ಓರೆಯಾಗಿ ಕೂರಿಸುತ್ತಿದ್ದರು. ಹಾಗಾಗಿ ನೋಡುವವರು ಎರಡು ಹೆಜ್ಜೆ ಸರಿದರೆ ಹೊಳಪೂ ಸರಿಯುತ್ತದೆ. ಮುಖಗಳಿಗೆ ಸಣ್ಣ ತುಣುಕು, ಬಟ್ಟೆಗೆ, ಹಿನ್ನೆಲೆಗೆ ದೊಡ್ಡದು. ‘ಹರಳುಚಿತ್ರ’ ಎಂಬ ಸಲಹೆ ಕೇಳಿಬರುತ್ತದೆ. ಹರಳು ಎಂದೊಡನೆ ಉಂಗುರದ ಕಲ್ಲು ನೆನಪಾಗುವುದರಿಂದ ನಮಗೆ ಅದು ಒಪ್ಪಿಗೆಯಿಲ್ಲ. ಮೊದಲ ಸಲ ‘ಗಾಜುತುಣುಕಿನ ಮೊಸಾಯಿಕ್’ ಎಂದು ಬರೆದು, ಮುಂದೆ ಬರೀ ‘ಮೊಸಾಯಿಕ್’ ಎನ್ನಿ.

ಹೆಸರು ಖೋರಾ. ಇಂಗ್ಲಿಷ್ ಕಾಗುಣಿತ ನೋಡಿ ‘ಚೋರಾ’ ಎಂದರೆ ಕನ್ನಡದ ಕಿವಿಗೆ ಕಳ್ಳನೇ ಕೇಳಿಸುತ್ತಾನೆ. ಗ್ರೀಕಿನ ಈ ಪದಕ್ಕೆ ನಾಡು, ಜಾಗ, ಊರಾಚೆಯ ಹೊಲಗದ್ದೆ ಎಂಬ ಅರ್ಥಗಳಿವೆ. ಮೊದಲ ಮಠ ಚಕ್ರವರ್ತಿ ಕಾನ್‌ಸ್ಟಂಟೈನನ ಕೋಟೆಯ ಹೊರಗಿತ್ತು ಎಂಬುದು ರೂಢಿಯ ವಿವರಣೆ. ತುರ್ಕಿಯ ‘ಕಾರಿಯೆ’ಗೂ ಹಳ್ಳಿ ಎಂದೇ ಅರ್ಥ. ಮೊಸಾಯಿಕ್ ಬರಹಗಳು ಇದೇ ಪದವನ್ನು ಬೇರೆಡೆಗೆ ಒಯ್ಯುತ್ತವೆ. ಕ್ರಿಸ್ತನ ಪಕ್ಕದಲ್ಲಿ ‘ಜೀವಂತರ ಖೋರಾ’ ಎಂದಿದ್ದರೆ ಮರಿಯಳ ಪಕ್ಕದಲ್ಲಿ ‘ಹಿಡಿಸಲಾರದವನ (ಯಾವ ಎಲ್ಲೆಯೊಳಗೂ ಹಿಡಿಸದ ದೇವರ) ಖೋರಾ’ ಎಂದಿದೆ. ಎರಡಕ್ಕೂ ಹೊಂದುವ ಕನ್ನಡ ಪದ ‘ನೆಲೆ’. ‘ನಾಡು’ ಮೊದಲನೆಯದಕ್ಕೆ ಮಾತ್ರ ಒಪ್ಪುತ್ತದೆ. ಊರಾಚೆ ಎಂಬ ಅರ್ಥ ‘ನೆಲೆ’ಯಲ್ಲಿ ಬರದ ಕಾರಣ ಕಟ್ಟಡದ ಹೆಸರನ್ನು ಅನುವಾದಿಸದೆ ಬಿಡುವುದೇ ಮೇಲು.

ಅನಾಸ್ತಾಸಿಸ್‌ಗೆ ಪುನರುತ್ಥಾನ ಸರಿಯಾದ ಪದವೇ, ಆದರೆ ಅದರೊಂದಿಗೆ ಒಂದು ಸಾಲು ವಿವರಣೆ ಕೊಡಿ. ಕನ್ನಡ ಓದುಗರು ಖಾಲಿ ಸಮಾಧಿಯನ್ನು ನಿರೀಕ್ಷಿಸುತ್ತಾರೆ. ಉಪಗುಡಿಯ ಕೊನೆಯ ಅರ್ಧಗುಮ್ಮಟದಲ್ಲಿ ಕಾಣುವುದು ಪಾತಾಳಕ್ಕಿಳಿದ ಕ್ರಿಸ್ತ. ಒಂದು ಕೈಯಲ್ಲಿ ಆದಾಮನನ್ನು, ಇನ್ನೊಂದರಲ್ಲಿ ಹವ್ವಳನ್ನು ಅವರವರ ಗೋರಿಯಿಂದ ಎಳೆದೆಬ್ಬಿಸುತ್ತಿದ್ದಾನೆ. ಹಿಡಿದಿರುವುದು ಅಂಗೈಯನ್ನಲ್ಲ, ಮಣಿಕಟ್ಟನ್ನು. ಎಬ್ಬಿಸಿಕೊಳ್ಳುವವರಿಗೆ ತಮ್ಮದೆಂಬ ಏನೂ ಶಕ್ತಿಯಿಲ್ಲ ಎಂಬುದು ಅಲ್ಲೇ ತಿಳಿಯುತ್ತದೆ. ಆದ್ದರಿಂದ ‘ಕೈಹಿಡಿದು’ ಎಂದು ಬರೆಯಬೇಡಿ. ಕಾಲಕೆಳಗೆ ಕಟ್ಟಿಹಾಕಿದ ಸೈತಾನ, ಸುತ್ತ ಚೆಲ್ಲಿದ ಬೀಗ, ಕೀಲಿಗಳು.

ಕೈಪಿಡಿಯಲ್ಲಿ ‘ಮ್ಯೂಸಿಯಂ’ ಎಂಬ ಪದ ಉಳಿದಿದ್ದರೆ ತಿದ್ದಿ. 1958ರಲ್ಲಿ ಸಾರ್ವಜನಿಕರಿಗೆ ತೆರೆದ ಮ್ಯೂಸಿಯಂ ಅದು. 2020ರ ಆದೇಶದಿಂದ ಮತ್ತೆ ಮಸೀದಿಯಾಯಿತು, 2024ರ ಮೇ ತಿಂಗಳಲ್ಲಿ ಪ್ರಾರ್ಥನೆಗೆ ತೆರೆಯಿತು. ಹೆಂಗಸರು ತಲೆಗೆ ಬಟ್ಟೆ ಹೊದೆಯಬೇಕು, ನಮಾಜಿನ ವೇಳೆ ಯಾವಾಗೆಂದು ತಿಳಿದುಕೊಂಡು ಅದನ್ನು ಬಿಟ್ಟು ಹೋಗಬೇಕು. ಗುಮ್ಮಟದ ತುಣುಕುಗಳು ಬರಿಗಣ್ಣಿಗೆ ಸಿಗುವುದಿಲ್ಲ, ಸಣ್ಣ ದುರ್ಬೀನು ಜೊತೆಗಿರಲಿ ಎಂದೂ ಸೇರಿಸಿ.