ಅಪ್‌ಡೇಟ್: ಅಕ್ಕನ ಟೈಲರಿಂಗ್ ಅಂಗಡಿಯ ಪಾಂಪ್ಲೆಟ್

ಅಕ್ಕನ ಟೈಲರಿಂಗ್ ಅಂಗಡಿಗೆ ಪಾಂಪ್ಲೆಟ್ ಹೇಗಿರಬೇಕು ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ‘ಮ್ಯಾಟರ್ ಜಾಸ್ತಿಯಾಯ್ತು, ಅರ್ಧ ತೆಗೆಯಿರಿ’ ಅಂದಿದ್ದಿರಿ. ತೆಗೆದೆ. ದೇವರ ಫೋಟೊ ತೆಗೆಯೋಕೆ ಮಾತ್ರ ಅಕ್ಕ ಒಪ್ಪಲಿಲ್ಲ, ಮೂಲೆಯಲ್ಲಿ ಚಿಕ್ಕದಾಗಿ ಉಳಿದಿದೆ. ಈಗ ಮೇಲೆ ದಪ್ಪಕ್ಷರದಲ್ಲಿ ಒಂದೇ ಸಾಲು: ‘ಬ್ಲೌಸ್ ಹೊಲಿಗೆ, 3 ದಿನದಲ್ಲಿ ಕೈಗೆ’. ಕೆಳಗೆ ಫೋನ್ ನಂಬರ್, ‘ಗಣಪತಿ ಗುಡಿ ಎದುರು’. ಅಷ್ಟೇ.

ಎಡವಟ್ಟಾಗಿದ್ದು ಅಕ್ಷರದಲ್ಲಿ. ನಾನು ಯೂನಿಕೋಡ್‌ನಲ್ಲಿ (ಮೊಬೈಲ್, ಇಂಟರ್ನೆಟ್ಟಲ್ಲಿ ಬಳಸೋ ಅಕ್ಷರ ಸಂಕೇತ) ಟೈಪ್ ಮಾಡಿದ್ದೆ. ಪ್ರೆಸ್‌ನ ಹಳೇ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ‘ಬ್ಲೌಸ್’ ಹೋಗಿ ‘ಬ್‌ಲೌಸ್’ ಆಗಿತ್ತು! ಪ್ರೂಫ್ ನೋಡಿದ್ದಕ್ಕೆ ಬಚಾವ್. ಅಕ್ಷರಗಳನ್ನು ಔಟ್‌ಲೈನ್ ಮಾಡಿ (ಅಂದರೆ ಫಾಂಟ್ ಬೇಕಾಗದ ಹಾಗೆ ಚಿತ್ರದಂಥ ಆಕಾರಗಳಾಗಿ ಬದಲಿಸಿ) ಪಿಡಿಎಫ್ ಕೊಟ್ಟ ಮೇಲೆ ಸರಿಹೋಯ್ತು. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸೋ ಗೆರೆಯಿಂದ ಆಚೆಗೂ ಚಾಚಿದ ಹಿನ್ನೆಲೆ ಬಣ್ಣ) ಬಿಡಿ ಅಂತ ನೀವು ಅಂದಿದ್ದೂ ಉಪಯೋಗಕ್ಕೆ ಬಂತು. ಕಟಿಂಗ್ ಸ್ವಲ್ಪ ವಾಲಿದ್ದರೂ ಬಿಳಿ ಗೆರೆ ಕಾಣೋದಿಲ್ಲ.

ಭಾನುವಾರದ ಪೇಪರ್ ಜೊತೆ ಹಾಕೋಕೆ 500 ಪ್ರತಿ ಕೊಟ್ಟಿದ್ದೇವೆ.